ಪುಸ್ತಕದಲ್ಲಿ ದಿನವೂ 68.4

ಹೃದಯ ವಿಭಾಗದಿಂದ ಆಪ್ತಸಲಹೆಗೆ ಬರುವ ಚೀಟಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ‘ಹೇಳಿದ್ದು ಕೇಳುವುದಿಲ್ಲ, ಖಿನ್ನತೆ ಇರಬಹುದು, ನೋಡಿ.’ ಈ ಪ್ರಕರಣದ ಚೀಟಿಯಲ್ಲೂ ಅದೇ ಇತ್ತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಎಪ್ಪತ್ತರ ಆಸುಪಾಸಿನವರು, ಲೆಕ್ಕಪತ್ರದ ಕೆಲಸದಿಂದ ನಿವೃತ್ತರು. ಹೃದಯ ವೈಫಲ್ಯ. ನಾಲ್ಕು ತಿಂಗಳಲ್ಲಿ ಎರಡು ಸಲ ಕಾಲು ಊದಿ, ಏದುಸಿರು ಬಂದು ವಾರ್ಡು ಸೇರಿದ್ದರು. ದೇಹದಲ್ಲಿ ನೀರು ತುಂಬಿದರೆ ತೂಕ ಏರುತ್ತದೆ, ದಿನವೂ ತೂಕ ನೋಡಿ ಬರೆದಿಡಿ, ಮೂರು ದಿನದೊಳಗೆ 2 ಕೆಜಿಗಿಂತ ಹೆಚ್ಚು ಏರಿದರೆ ಫೋನ್ ಮಾಡಿ ಎಂದು ಮೊದಲ ಸಲವೇ ಹೇಳಿ ಕಳಿಸಿದ್ದರು. ಎರಡನೇ ಸಲ ಸೇರಿದ ದಿನ ಆಸ್ಪತ್ರೆಯ ಯಂತ್ರ 73 ತೋರಿಸಿತು. ಅವತ್ತು ಬೆಳಿಗ್ಗೆ ಮನೆಯ ಪುಸ್ತಕದಲ್ಲಿ ಬರೆದದ್ದು 68.4. ಹಿಂದಿನ ದಿನ 68.4. ಅದಕ್ಕೂ ಹಿಂದಿನ ಹತ್ತೊಂಬತ್ತು ದಿನವೂ ಅಷ್ಟೇ. ಕಾಯಿಲೆ ಒಪ್ಪಿಕೊಳ್ಳಲು ಮನಸ್ಸಿಲ್ಲ, ಅದಕ್ಕೇ ಸುಳ್ಳು ಬರೆದಿದ್ದಾರೆ ಎಂದು ಮನೆಯವರೂ ವಾರ್ಡಿನವರೂ ತೀರ್ಮಾನಿಸಿಬಿಟ್ಟಿದ್ದರು.

ಚೀಟಿಯ ಜೊತೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಹಾಳೆ ಇತ್ತು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಕೇಳುವುದು ಕಳೆದ ಎರಡು ವಾರದ ಬಗ್ಗೆ. ಇವರ ಮೊತ್ತ 12. 10 ಮುಟ್ಟಿದರೆ ಮುಂದಿನ ವಿಚಾರಣೆ ಬೇಕು ಎಂಬುದು ವಾಡಿಕೆಯ ಗೆರೆ, ಹಾಗಾಗಿ ಖಿನ್ನತೆಯ ಹಣೆಪಟ್ಟಿ ಬಿತ್ತು. ಮೊತ್ತ ನೋಡಿ ಸುಮ್ಮನಾಗದೆ ಸಾಲು ಸಾಲಾಗಿ ಓದಬೇಕಿತ್ತು. ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 2, ಗಮನ ನಿಲ್ಲದಿರುವುದಕ್ಕೆ 2, ಮಂದಗತಿಗೆ 1. ಇಷ್ಟೇ 11 ಆಯಿತು. ಮೊದಲೆರಡು ಪ್ರಶ್ನೆಗಳು, ಅಂದರೆ ಆಸಕ್ತಿ ಕುಗ್ಗುವುದು ಮತ್ತು ಬೇಸರ, ಖಿನ್ನತೆಯ ತಿರುಳು; ಅವೆರಡಕ್ಕೂ ಸೇರಿ ಸಿಕ್ಕಿದ್ದು 1. ಬರೀ ಆ ಎರಡನ್ನು ಕೇಳುವ ಕಿರು ಪರೀಕ್ಷೆಯಲ್ಲಿ 3 ಬಂದರೆ ಮಾತ್ರ ಪೂರ್ಣ ಹಾಳೆಗೆ ಹೋಗುವುದು ರೂಢಿ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ, ಚಪ್ಪಟೆ ಮಲಗಿದರೆ ಉಸಿರು ಸಿಕ್ಕಿಕೊಳ್ಳುವವರಿಗೆ ನಿದ್ದೆಯ ಸಾಲಿನಲ್ಲಿ 3 ಬೀಳದೆ ಇನ್ನೇನು ಬೀಳುತ್ತದೆ? ಆಸ್ಪತ್ರೆ ರೋಗಿಗಳಿಗಾಗಿಯೇ 1983ರಲ್ಲಿ ರೂಪಿಸಿದ ಹ್ಯಾಡ್ಸ್ ಪ್ರಶ್ನಾವಳಿ ದೇಹದ ಲಕ್ಷಣಗಳನ್ನು ಬೇಕೆಂದೇ ಹೊರಗಿಟ್ಟಿರುವುದು ಈ ಕಾರಣಕ್ಕೆ.

ಇನ್ನೊಂದು ವಿಷಯ. ಆ ಹಾಳೆಗೆ ಟಿಕ್ ಹಾಕಿದವರು ಮಗಳು. ಅಪ್ಪ ಪಕ್ಕದಲ್ಲಿ ಕೂತಿದ್ದರು.

ಹಾಗಾಗಿ ಅವರೊಬ್ಬರನ್ನೇ ಕೂರಿಸಿಕೊಂಡೆ. ‘ಯಾಕೆ ಸರಿಯಾಗಿ ಬರೆಯಲಿಲ್ಲ?’ ಎಂದು ಕೇಳಿದರೆ ಬರುವುದು ಸಮಜಾಯಿಷಿ ಅಷ್ಟೇ. ಅದರ ಬದಲು, ‘ಬೆಳಿಗ್ಗೆ ಎದ್ದಾಗಿನಿಂದ ತೂಕ ಬರೆಯೋವರೆಗೆ ಏನೇನು ಮಾಡ್ತೀರಿ, ಮಾಡಿ ತೋರಿಸಿ’ ಎಂದೆ. ಎದ್ದು ನಿಂತರು. ಬಚ್ಚಲಿನ ಬಾಗಿಲ ಪಕ್ಕ ಯಂತ್ರ ಎಂದು ಒಂದು ಕಡೆ ತೋರಿಸಿದರು, ಹತ್ತಿ ನಿಂತಂತೆ ನಿಂತರು, ಇಳಿದರು. ಕನ್ನಡಕ ಮಂಚದ ಹತ್ತಿರ, ಪುಸ್ತಕ ಒಳಗಿನ ಮೇಜಿನ ಡ್ರಾಯರಿನಲ್ಲಿ. ಕೋಣೆಯ ಆ ಮೂಲೆಯವರೆಗೆ ನಡೆದು ಹೋಗಿ, ಅಲ್ಲೇ ನಿಂತುಬಿಟ್ಟರು. ಎಷ್ಟೋ ಹೊತ್ತಿನ ಮೇಲೆ ಹೇಳಿದರು:

‘ಮೇಲೆ ನಿಂತಾಗ ನಂಬರ್ ಕಾಣತ್ತೆ. ಇಲ್ಲಿಗೆ ಬರೋ ಹೊತ್ತಿಗೆ ಹೋಗಿರತ್ತೆ. ನಿನ್ನೇದು ಪುಸ್ತಕದಲ್ಲಿರತ್ತಲ್ಲ, ಅದನ್ನೇ ಬರೀತೀನಿ.’

ವಾಪಸ್ ಹೋಗಿ ಇನ್ನೊಮ್ಮೆ ನೋಡಬಹುದಿತ್ತಲ್ಲ ಎಂದದ್ದಕ್ಕೆ, ‘ಮೂರು ಸಲ ಹೋಗಿ ಬಂದದ್ದೂ ಇದೆ. ಮನೆಯವಳು ನೋಡ್ತಿರ್ತಾಳೆ. ನಾನು ಲೆಕ್ಕ ಬರೆದು ಬದುಕಿದವನು’ ಎಂದರು.

ಸುಳ್ಳಿಗೂ ಮರೆವನ್ನು ಮುಚ್ಚಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿದೆ. ಫೈಲಿನಲ್ಲಿ ‘ದಿನ, ಸ್ಥಳ, ಜನರ ಗುರುತು ಸರಿಯಿದೆ’ ಎಂದು ಬರೆದಿದ್ದರು. ಅದು ಸುಳ್ಳಲ್ಲ, ಆದರೆ ಸಾಲದು. ಹೃದಯ ವೈಫಲ್ಯದಲ್ಲಿ ಹೆಚ್ಚಾಗಿ ಸೋರುವುದು ಗಮನ, ಯೋಚನೆಯ ವೇಗ, ಒಂದಾದ ಮೇಲೊಂದು ಹೆಜ್ಜೆ ಜೋಡಿಸುವ ಶಕ್ತಿ, ಆಗಷ್ಟೇ ಕಂಡದ್ದನ್ನು ತುಸು ಹೊತ್ತು ಹಿಡಿದಿಡುವ ಶಕ್ತಿ. ಇವತ್ತು ಯಾವ ವಾರ ಎಂದು ಕೇಳಿದರೆ ಇದು ಗೊತ್ತಾಗುವುದಿಲ್ಲ. ಓದಿದವರು, ಮಾತು ಬಲ್ಲವರು ಹರಟೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ.

ನೆನಪು, ಗಮನ, ಯೋಚನೆಗಳನ್ನು ಅಳೆಯುವ ಮೋಕಾ ಪರೀಕ್ಷೆ ಮಾಡಿದ್ದು ಬಿಡುಗಡೆಯಾದ ಐದನೇ ವಾರ. ವಾರ್ಡಿನಲ್ಲಿ ಮಾಡಬಾರದು, ನಿದ್ದೆಗೇಡು, ಆಮ್ಲಜನಕದ ಕೊರತೆ, ಸನ್ನಿಯಂಥ ಗೊಂದಲ ಎಲ್ಲ ಸೇರಿ ಬರುವ ಅಂಕ ಯಾರದೋ ಅಂಕವಾಗುತ್ತದೆ. ಕೂರಿಸುವ ಮೊದಲು ಕನ್ನಡಕ ಇದೆಯೇ, ಕಿವಿ ಕೇಳುತ್ತದೆಯೇ, ಹಿಂದಿನ ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸಬೇಕು. ಮೂತ್ರ ಹೋಗುವ ಮಾತ್ರೆ ನುಂಗಿದ ಒಂದೆರಡು ಗಂಟೆಯೊಳಗಂತೂ ಬೇಡವೇ ಬೇಡ. ಮನಸ್ಸೆಲ್ಲ ಶೌಚಾಲಯದ ಕಡೆಗಿರುವವರಿಂದ 100ರಿಂದ ಏಳೇಳು ಕಳೆಸುವುದು ಪರೀಕ್ಷೆಯಲ್ಲ, ಹಿಂಸೆ. ರೋಗಿಯ ಭಾಷೆಯ ಆವೃತ್ತಿಯೇ ಬೇಕು, ಮಾಡುವವರಿಗೆ ತರಬೇತಿಯಾಗಿರಬೇಕು.

30ಕ್ಕೆ 22 ಬಂತು. 26ಕ್ಕಿಂತ ಕಡಿಮೆಯಾದರೆ ಮುಂದೆ ನೋಡಬೇಕು. ಅಂಕ ಹೋದ ಜಾಗ ಮುಖ್ಯ. ಹನ್ನೊಂದು ಗಂಟೆ ಹತ್ತು ನಿಮಿಷದ ಗಡಿಯಾರದಲ್ಲಿ ಅಂಕಿಗಳು ಸರಿಯಾಗಿ ಬಂದವು, ಮುಳ್ಳು ತಪ್ಪಿತು. ಅಂಕಿ, ಅಕ್ಷರಗಳನ್ನು ಸರದಿಯಂತೆ ಗೆರೆಯಿಂದ ಕೂಡಿಸುವುದು ಆಗಲಿಲ್ಲ. ಐದು ಪದಗಳಲ್ಲಿ ತಾವಾಗಿಯೇ ನೆನೆಸಿಕೊಂಡದ್ದು ಒಂದು. ಆದರೆ ಸುಳಿವು ಕೊಟ್ಟಾಗ ಇನ್ನು ಮೂರು ಬಂದವು. ಸುಳಿವಿಗೆ ಅಂಕವಿಲ್ಲ, ಸಲಹೆ ಕೊಡುವವರಿಗೆ ಮಾತ್ರ ಅದೇ ಬಂಡವಾಳ. ಪದಗಳು ಒಳಗೆ ಉಳಿದಿವೆ, ಹೊರತೆಗೆಯಲು ಆಸರೆ ಬೇಕು. ಇದು ಮರೆಗುಳಿ ರೋಗದ ನಿರ್ಣಯವಲ್ಲ ಎಂದು ಮಗಳಿಗೆ ಎರಡು ಸಲ ಹೇಳಬೇಕಾಯಿತು.

ವೈದ್ಯರಿಗೆ ಬರೆದ ಕಾಗದದಲ್ಲಿ ಕೇಳಿದ್ದು: ಥೈರಾಯ್ಡ್ (ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ತೆಗೆದುಕೊಳ್ಳುವವರಲ್ಲಿ ಮರೆಯಲೇಬಾರದು), ಬಿ12, ಸೋಡಿಯಂ, ಹಿಮೋಗ್ಲೋಬಿನ್, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ, ರಾತ್ರಿ ನುಂಗುವ ಹಳೆಯ ಬಗೆಯ ಅಲರ್ಜಿ ಮಾತ್ರೆ ನಿಜಕ್ಕೂ ಬೇಕೇ. ಇವೆಲ್ಲ ಮಂಕು ಕವಿಸುವಂಥವು, ಸರಿಪಡಿಸಬಹುದಾದಂಥವು.

ಮನೆಯಲ್ಲಿ ಬದಲಿಸಿದ್ದು ಜಾಗಗಳನ್ನು. ಯಂತ್ರದ ಮುಂದಿನ ಗೋಡೆಗೆ, ಕಣ್ಣಿನ ಮಟ್ಟಕ್ಕೆ ಹಾಳೆ, ದಾರ ಕಟ್ಟಿದ ಪೆನ್ನು, ಅಲ್ಲೇ ಕನ್ನಡಕ. ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನವೂ ಅಷ್ಟೇ ಬಟ್ಟೆಯಲ್ಲಿ ಹತ್ತಬೇಕು, ಬರೆದೇ ಇಳಿಯಬೇಕು. ‘ಮೂರು ದಿನದಲ್ಲಿ ಎರಡು ಕೆಜಿ’ ಎಂಬ ಲೆಕ್ಕವನ್ನೇ ತೆಗೆದುಹಾಕಿದೆವು, ಕಳೆಯುವ ಕೆಲಸ ಅದರಲ್ಲಿದೆ. ಒಣ ತೂಕ, ಅಂದರೆ ಹೆಚ್ಚಿನ ನೀರು ಇಲ್ಲದಾಗಿನ ತೂಕ, 68 ಎಂದು ವೈದ್ಯರು ನಿಗದಿ ಮಾಡಿದ ಮೇಲೆ, ಅವರನ್ನೇ ಕೇಳಿ 70ಕ್ಕೆ ಕೆಂಪು ಗೆರೆ, ಪಕ್ಕದಲ್ಲಿ ಫೋನ್ ನಂಬರ್. ‘ಅರ್ಥ ಆಯ್ತಾ?’ ಎಂದು ಕೇಳಲಿಲ್ಲ, ‘70.3 ಬಂದರೆ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿದೆ.

ಮಾತ್ರೆಗಳ ಪೂರ್ತಿ ಹೊಣೆ ತಾವೇ ಹೊರುತ್ತೇವೆ ಎಂದರು ಪತ್ನಿ. ಬೇಡ ಎಂದೆ. ವಾರದ ಡಬ್ಬಿಯನ್ನು ರೋಗಿಯೇ ತುಂಬಲಿ, ಮಗಳು ಎದುರು ಕೂತು ನೋಡಲಿ. ಅಪಾಯದ ಸಲಹೆ ಎನ್ನಬಹುದು. ಆದರೆ ಎಲ್ಲ ಕೆಲಸ ಕಿತ್ತುಕೊಂಡರೆ ಮರೆವು ವಾಸಿಯಾಗುವುದಿಲ್ಲ, ಇನ್ನೂ ಆಳಕ್ಕೆ ಅಡಗಿ ಕೂರುತ್ತದೆ. ಡಬ್ಬಿಯಲ್ಲಾದರೆ ತಪ್ಪು ಕಣ್ಣಿಗೆ ಬೀಳುತ್ತದೆ.

12 ಅಂಕವಿದ್ದೂ ಖಿನ್ನತೆಯ ಮಾತ್ರೆಗೆ ಯಾಕೆ ಬರೆಯಲಿಲ್ಲ ಎಂಬ ಆಕ್ಷೇಪವೂ ಬಂತು. ಆ ಮಾತ್ರೆಗಳ ಮೇಲೆ ಅಪನಂಬಿಕೆಯಿಂದಲ್ಲ. ಹೃದಯಾಘಾತದ ನಂತರ ಸರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆ ಸುರಕ್ಷಿತ ಎಂದು 2002ರ ಪ್ರಯೋಗ ತೋರಿಸಿದೆ. ಹೃದಯ ವೈಫಲ್ಯ ಇದ್ದವರಲ್ಲಿ ಅದೇ ಮಾತ್ರೆ ಹುಸಿಮಾತ್ರೆಗಿಂತ ಮೇಲಾಗಲಿಲ್ಲ ಎಂದು 2010ರದ್ದು. ಇವರಲ್ಲಿ ಮೊದಲು ಬೇಕಿದ್ದದ್ದು ಅದಲ್ಲ, ಅಷ್ಟೇ. ಹಾಗೆಂದು ಮನಸ್ಸು ನಿರಾಳವಾಗಿತ್ತು ಎಂದೂ ಅಲ್ಲ: ಒಬ್ಬರೇ ಇದ್ದಾಗ ಹಾಳೆ ಮತ್ತೆ ಓದಿದರೆ, ಮಗಳು 0 ಹಾಕಿದ್ದ ‘ಮನೆಯವರ ನಿರೀಕ್ಷೆ ಹುಸಿ ಮಾಡಿದೆ’ ಎಂಬ ಸಾಲಿಗೆ ಅವರು 2 ಎಂದರು. ಒಂಬತ್ತನೇ ಪ್ರಶ್ನೆ, ಸಾವಿನ ಯೋಚನೆಯದು, 0 ಆಗಿಯೇ ಉಳಿಯಿತು. ಅಲ್ಲಿ 1 ಬಿದ್ದಿದ್ದರೂ ಹಾಳೆ ಫೈಲಿಗೆ ಹೋಗುವಂತಿರಲಿಲ್ಲ. ಅವತ್ತೇ ಮಾತು, ಅಪಾಯವಿದ್ದರೆ ಅವತ್ತೇ ಮನೋವೈದ್ಯರು, ಮನೆಯಲ್ಲಿ ವಾರಕ್ಕಾಗುವಷ್ಟೇ ಮಾತ್ರೆ.

1,500 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಹೃದಯಾಘಾತದಂಥ ತುರ್ತು ತೊಂದರೆ ಕಂಡವರಲ್ಲಿ ಖಿನ್ನತೆಯ ಸ್ಕ್ರೀನಿಂಗ್ ಬದುಕಿನ ಗುಣಮಟ್ಟವನ್ನು ಹೆಚ್ಚಿಸಲಿಲ್ಲ ಎಂದಿತು. ಇದನ್ನು ಹಿಡಿದುಕೊಂಡು ಕೇಳುವುದನ್ನೇ ಬಿಡೋಣ ಎನ್ನುವವರಿದ್ದಾರೆ. ಮೊತ್ತ ಕೂಡಿ ಚೀಟಿ ಬರೆಯುವುದೇ ಸ್ಕ್ರೀನಿಂಗ್ ಆದರೆ ಬಿಡುವುದೇ ಲೇಸು. ಸಾಲು ಸಾಲು ಓದಿ ಇನ್ನೊಂದು ಪ್ರಶ್ನೆ ಕೇಳುವವರು ಇರುವ ಕಡೆ ಬಿಡಬಾರದು.

ಮೂರನೇ ತಿಂಗಳು ಗೋಡೆಯ ಹಾಳೆ ತಂದು ತೋರಿಸಿದರು. 67.8, 68.3, 69.1. ಒಂದು ದಿನ 70.2, ಫೋನ್ ಮಾಡಿದ ಗುರುತು, ಮಾತ್ರೆ ಬದಲಾದ ಮೂರನೇ ದಿನ 68.6. ಎರಡು ದಿನದ ಜಾಗ ಖಾಲಿ ಇತ್ತು. ಅದರ ಪಕ್ಕ ಅವರದೇ ದುಂಡು ಅಕ್ಷರದಲ್ಲಿ: ‘ಮರೆತೆ.’