ಇಂಡೀ (ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟುವ) ರಾಕ್ ಬ್ಯಾಂಡ್‌ಗಳನ್ನು ದುಡ್ಡು ಕೊಟ್ಟು ಲೈವ್ ಆಗಿ ಕೇಳಬೇಕಾ? ಯೂಟ್ಯೂಬ್ ಸಾಲದಾ?

ಚಿಕ್ಕ ಜಾಗವಾದರೆ ಖಂಡಿತ ಹೋಗಿ. ದೊಡ್ಡ ಮೈದಾನವಾದರೆ ನೀವು ಹೇಳುವ ಯೂಟ್ಯೂಬೇ ವಾಸಿ.

ನಾನು ಬೆಂಗಳೂರಿನವನು. ಹದಿನೈದು ವರ್ಷದಿಂದ ಇದೇ ಚಟ. 2011ರಲ್ಲಿ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ ಹೋಗಿದ್ದೆ. ನೋಡಿದ್ದು ಅಂದರೆ ಪರದೆಯನ್ನು, ಅಷ್ಟೇ. ದೂರದಲ್ಲಿ ಬೆರಳುದ್ದದ ನಾಲ್ಕು ಜನ ಓಡಾಡುತ್ತಿದ್ದರು. ಆಮೇಲೊಂದು ಸಲ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಚಿಕ್ಕ ಜಾಗದಲ್ಲಿ ಪರ್ವಾಜ್ ಕೇಳಿದೆ. ನಮ್ಮೂರಲ್ಲೇ ಹುಟ್ಟಿದ ಬ್ಯಾಂಡ್, ಹಾಡುವುದು ಉರ್ದು ಮತ್ತು ಕಾಶ್ಮೀರಿಯಲ್ಲಿ. ನನಗೆ ಎರಡೂ ಬರುವುದಿಲ್ಲ. ಆದರೆ ಗಿಟಾರ್ ನಿಧಾನಕ್ಕೆ ಏರುತ್ತಾ ಏರುತ್ತಾ ಹೋಗಿ, ಡ್ರಮ್ ಬಂದು ಬಿತ್ತು ನೋಡಿ, ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟದ ನೀರು ನಡುಗುತ್ತಿತ್ತು. ಎದೆಮೂಳೆಯೂ. ಅದನ್ನು ಫೋನಲ್ಲಿ ಹೇಗೆ ಕೇಳುತ್ತೀರಿ? ಆ ಜಾಗ 2019ರಲ್ಲಿ ಮುಚ್ಚಿತು. ಈಗಲೂ ಆ ಕಡೆ ಹೋದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಾರಣ, ತಪ್ಪುಗಳು. ಒಂದು ರಾತ್ರಿ ಒಂದು ಹೊಸ ಬ್ಯಾಂಡ್‌ನ ಹುಡುಗನ ಗಿಟಾರ್ ತಂತಿ ಹಾಡಿನ ನಡುವೆ ಪಟ್ ಅಂತ ಕಿತ್ತುಹೋಯಿತು. ಬೇರೆ ಗಿಟಾರ್ ತಂದಿರಲಿಲ್ಲ. ಅವನು ಸ್ಟೇಜ್ ಅಂಚಿನಲ್ಲೇ ಕೂತು, ಕಟರ್ ಬಾಯಲ್ಲಿ ಕಚ್ಚಿಕೊಂಡು, ಹೊಸ ತಂತಿ ಸುತ್ತತೊಡಗಿದ. ಬಾಸ್ ಮತ್ತು ಡ್ರಮ್‌ನವರು ನಿಲ್ಲಿಸಲೇ ಇಲ್ಲ. ಅದೇ ನಾಲ್ಕು ಸ್ವರ ಹಿಡಿದುಕೊಂಡು ಐದು ನಿಮಿಷ ಎಳೆದರು. ಅವನು ಎದ್ದು, ಸರಿಯಾಗಿ ಶ್ರುತಿಯೂ ಆಗದ ಗಿಟಾರ್ ಹಿಡಿದು ಸೇರಿಕೊಂಡಾಗ ಅರವತ್ತು ಜನ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಆ ಹಾಡಿನ ರೆಕಾರ್ಡಿಂಗ್ ಆಮೇಲೆ ಕೇಳಿದೆ. ಚೆನ್ನಾಗಿಯೇ ಇದೆ, ಆದರೆ ಸಪ್ಪೆ.

ರಾಕ್ ಅಂದರೆ ಇಂಗ್ಲಿಷ್ ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ರಘು ದೀಕ್ಷಿತ್ ಹೆಸರು. 2008ರಲ್ಲಿ ಮೊದಲ ಆಲ್ಬಮ್ ಬಂತು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಶಿಶುನಾಳ ಷರೀಫರ ಪದ ಹಾಡುತ್ತಾರೆ. ಹಾವೇರಿ ಕಡೆಯ ನಮ್ಮ ಮಾವನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಕೈಕಟ್ಟಿ ನಿಂತಿದ್ದವರು ಪದ ಶುರುವಾಗುತ್ತಲೇ ಜೊತೆಗೆ ಹಾಡಿದರು. ಮುಗಿದ ಮೇಲೆ ಹೇಳಿದ್ದು ಇಷ್ಟೇ: "ಧಾಟಿ ಬ್ಯಾರೆ ಮಾಡ್ಯಾನ. ಇರ್ಲಿ ಬಿಡು, ಛಲೋ ಐತಿ."

ಸಿಟ್ಟು ಬರಿಸುವ ವಿಷಯಗಳೂ ಇವೆ, ಸುಳ್ಳು ಯಾಕೆ ಹೇಳಲಿ. ಎಂಟಕ್ಕೆ ಅಂದದ್ದು ಒಂಬತ್ತೂ ಮುಕ್ಕಾಲಿಗೆ ಶುರುವಾಗುತ್ತದೆ, ಹನ್ನೊಂದರ ಸುಮಾರಿಗೆ ಮೆಟ್ರೋ ಮುಗಿಯುತ್ತದೆ. ಕೊನೆಯ ಎರಡು ಹಾಡು ಬಿಟ್ಟು ಓಡಿದ್ದು ಎಷ್ಟು ಸಲವೋ. ಅದಕ್ಕಿಂತ ಕೆಟ್ಟದ್ದು, ಮೆಲ್ಲಗಿನ ಹಾಡು ಬಂದ ತಕ್ಷಣ ಬಾರ್ ಪಕ್ಕದವರು ಆಫೀಸಿನ ಕಥೆ ಶುರು ಮಾಡುವುದು. ಫೋನ್ ಎತ್ತಿ ಹಿಡಿಯುವವರನ್ನಾದರೂ ಸಹಿಸಬಹುದು, ಅವರು ಕನಿಷ್ಠ ಬಾಯಿ ಮುಚ್ಚಿಕೊಂಡಿರುತ್ತಾರೆ.

ಹೋಗುವುದಾದರೆ ಮುಂದಿನ ಸಾಲಿಗೆ ನುಗ್ಗಬೇಡಿ. ಅಲ್ಲಿ ಎಷ್ಟೋ ಸಲ ಬರೀ ಡ್ರಮ್ ಕೇಳುತ್ತದೆ, ಹಾಡುವವರ ದನಿ ತಲೆ ಮೇಲೆ ಹಾದುಹೋಗುತ್ತದೆ. ಸೌಂಡ್ ಇಂಜಿನಿಯರ್ ಕೂತಿರುವ ಮೇಜಿನ ಹತ್ತಿರ ನಿಲ್ಲಿ. ಆತ ತನ್ನ ಕಿವಿಗೆ ತಕ್ಕಂತೆ ತಾನೇ ಸರಿ ಮಾಡುವುದು, ಅಲ್ವಾ? ಇಯರ್‌ಪ್ಲಗ್ ಒಯ್ಯಿರಿ. 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಅಪಾಯವಿಲ್ಲದೆ ಇರಬಹುದಾದದ್ದು ಸುಮಾರು 15 ನಿಮಿಷ ಮಾತ್ರ, ಶೋ ಎರಡು ಗಂಟೆ. ಮರೆತರೆ ಟಿಶ್ಯೂ ಪೇಪರ್ ಸುತ್ತಿ ತುರುಕಬೇಡಿ. ನಾನು ಮಾಡಿ ನೋಡಿದ್ದೇನೆ, ಮರುದಿನ ಮಧ್ಯಾಹ್ನದವರೆಗೆ ಕಿವಿಯಲ್ಲಿ ಕುಕ್ಕರ್ ವಿಷಲ್.