ಹೊಟ್ಟೆ ತುಂಬಿದ ಮೇಲೆ ನೆನಪಾಗಬೇಕಾದ ದೇವರು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಯೆಹೂದಿ ಧರ್ಮದ ಕುರಿತ ಬರಹ ಓದಿದೆ. ‘ನನ್ನ ಶಕ್ತಿ, ನನ್ನ ಕೈಬಲವೇ ಈ ಸಿರಿ ಗಳಿಸಿತು ಅಂದುಕೊಳ್ಳಬೇಡ, ದೇವರನ್ನು ನೆನೆ’ ಎಂಬ ಮಾತು ನನಗೆ ಹಿಡಿಸಲಿಲ್ಲ. ನಾನು ಹಿಟ್ಟಿನ ಗಿರಣಿ ನಡೆಸುವವನು. ಸಾಲ ತಂದದ್ದೂ ನಾನೇ, ತೀರಿಸಿದ್ದೂ ನಾನೇ. ನಡುರಾತ್ರಿ ಬೆಲ್ಟ್ ಕಿತ್ತುಹೋದಾಗ ದೇವರೇನೂ ಬಂದು ಹಾಕಲಿಲ್ಲ. ದುಡಿಮೆಯನ್ನು ಹೀಗೆ ಸಣ್ಣದು ಮಾಡಿದರೆ ಜನ ಕೈಕಟ್ಟಿ ಕೂರುವುದಿಲ್ಲವೇ?
— ಒಬ್ಬ ಓದುಗರು, ಗದಗ

ಸಂಪಾದಕರ ಉತ್ತರ:

ಗಿರಣಿ ಯಜಮಾನರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಮಾತನ್ನು ಯಾರಿಗೆ, ಯಾವಾಗ ಹೇಳಿದ್ದು ಅಂತ ಮೊದಲು ನೋಡೋಣ.

ಅದು ಯೆಹೂದಿಗಳ ಪವಿತ್ರಗ್ರಂಥದಲ್ಲಿ ಧರ್ಮೋಪದೇಶಕಾಂಡ ಅನ್ನುವ ಭಾಗದ 8ನೇ ಅಧ್ಯಾಯ. ಯೆಹೂದಿಗಳ ಪೂರ್ವಿಕರಾದ ಇಸ್ರಾಯೇಲ್ಯರು 40 ವರ್ಷ ಮರಳುಗಾಡು ಅಲೆದು, ಇನ್ನೇನು ಯೋರ್ದನ್ ನದಿ ದಾಟಬೇಕು. ಅಲ್ಲಿಯವರೆಗೆ ದೇವರು ಆಕಾಶದಿಂದ ಸುರಿಸಿದ ‘ಮನ್ನ’ ಅನ್ನುವ ಆಹಾರ ತಿಂದು ಬದುಕಿದವರು. ವಿಶ್ರಾಂತಿಯ ದಿನಕ್ಕೆಂದು ಶುಕ್ರವಾರ ಎತ್ತಿಟ್ಟದ್ದು ಬಿಟ್ಟರೆ, ನಾಳೆಗೆಂದು ಉಳಿಸಿದ್ದಕ್ಕೆ ಹುಳ ಬೀಳುತ್ತಿತ್ತು. ಕೂಡಿಡುವ ಮಾತೇ ಇರಲಿಲ್ಲ. ಮುಂದೆ ಸಿಗುವುದು ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ ಬೆಳೆಯುವ ನಾಡು. ಒಳ್ಳೆ ಮನೆ ಕಟ್ಟುತ್ತೀರಿ, ದನಕುರಿ ಹೆಚ್ಚುತ್ತವೆ, ಬೆಳ್ಳಿ ಬಂಗಾರ ಸೇರುತ್ತದೆ, ಆಗ ಮರೆತೀರಿ, ಹುಷಾರು ಅನ್ನುತ್ತಾನೆ ಅವರ ನಾಯಕ ಮೋಶೆ.

ನಮ್ಮಲ್ಲಿ ‘ಸಂಕಟ ಬಂದಾಗ ವೆಂಕಟರಮಣ’ ಅಂತೀವಿ, ಅಲ್ವಾ? ಹಸಿದವನಿಗೆ ದೇವರು ತಾನಾಗಿಯೇ ನೆನಪಾಗುತ್ತಾನೆ. ಮೋಶೆಯ ಭಯ ಇಲ್ಲಿ ಉಂಡು ತೇಗಿದವನ ಬಗ್ಗೆ. ಯೆಹೂದಿಗಳಲ್ಲಿ ಊಟವಾದ ಮೇಲಿನ ಪ್ರಾರ್ಥನೆಗೆ ತೂಕ ಜಾಸ್ತಿ ಇರುವುದೂ ಇದಕ್ಕೇ. ಊಟಕ್ಕೆ ಮುಂಚಿನದು ರಬ್ಬಿಗಳು, ಅಂದರೆ ಅವರ ಧರ್ಮಗುರುಗಳು, ಗೊತ್ತುಮಾಡಿದ್ದು. ನಂತರದ್ದಕ್ಕೆ ಇದೇ ಅಧ್ಯಾಯದ ಆಧಾರವಿದೆ: ಉಂಡು ತೃಪ್ತನಾದ ಮೇಲೆ ದೇವರನ್ನು ಕೊಂಡಾಡು.

ಇನ್ನು ನಿಮ್ಮ ಕೈಬಲ. ಅದನ್ನು ಯಾರೂ ಅಲ್ಲಗಳೆದಿಲ್ಲ. 14ನೇ ಶತಮಾನದಲ್ಲಿ ಸ್ಪೇನಿನ ಗಿರೋನದ ರಬ್ಬಿ ನಿಸ್ಸೀಮ್ ಇದನ್ನು ಚೆನ್ನಾಗಿ ಹಿಡಿದರು. ದೇವರು ಸಿರಿ ಕೊಟ್ಟ ಅಂತ ಮೋಶೆ ಹೇಳಲಿಲ್ಲ, ಸಿರಿ ಗಳಿಸುವ ಶಕ್ತಿ ಕೊಟ್ಟ ಅಂದ. ಹಾಗಾಗಿ ಬೆಲ್ಟ್ ಹಾಕಿದ್ದು ನೀವೇ, ಎರಡು ಮಾತಿಲ್ಲ. ಆ ಕೈ, ಆ ಚುರುಕು ಎಲ್ಲಿಂದ ಬಂತು ಅನ್ನುವುದಷ್ಟೇ ಪ್ರಶ್ನೆ.

ಕೈಕಟ್ಟಿ ಕೂರುವ ವಿಷಯದಲ್ಲಿ ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲೇ ಜಗಳ ಇದೆ. ಉಳುವ ಕಾಲಕ್ಕೆ ಉಳು, ಬಿತ್ತುವ ಕಾಲಕ್ಕೆ ಬಿತ್ತು, ಜೊತೆಗೆ ಓದು ಅಂದರು ರಬ್ಬಿ ಇಷ್ಮಾಯೇಲ್. ಹಾಗಾದರೆ ಓದುವುದು ಯಾವಾಗ, ದೇವರ ಕೆಲಸ ಮಾಡು, ನಿನ್ನ ಕೆಲಸ ಬೇರೆಯವರು ಮಾಡುತ್ತಾರೆ ಅಂದರು ರಬ್ಬಿ ಶಿಮೋನ್. ಆಮೇಲೆ ಬಂದ ಪಂಡಿತ ಅಬಯೆ ಲೆಕ್ಕ ಚುಕ್ತಾ ಮಾಡಿದರು: ಇಷ್ಮಾಯೇಲರಂತೆ ನಡೆದ ಬಹಳ ಜನ ಗೆದ್ದರು, ಶಿಮೋನರಂತೆ ನಡೆದ ಬಹಳ ಜನ ಗೆಲ್ಲಲಿಲ್ಲ.

ನಿಮಗೆ ಇಷ್ಟವಾಗಬಹುದಾದ ಕಥೆಯೊಂದಿದೆ. ರೋಮನ್ ಅಧಿಕಾರಿ ರೂಫಸ್ ರಬ್ಬಿ ಅಕೀವರನ್ನು ಕೇಳಿದನಂತೆ: ಯಾರ ಕೆಲಸ ಚೆಂದ, ದೇವರದ್ದೋ ಮನುಷ್ಯನದ್ದೋ? ಮನುಷ್ಯನದ್ದು ಅಂದರು ಅಕೀವ! ಒಂದು ಕಡೆ ಗೋಧಿ ತೆನೆ, ಇನ್ನೊಂದು ಕಡೆ ಬೇಯಿಸಿದ ರೊಟ್ಟಿ ತರಿಸಿ ಇಟ್ಟು, ನೀನೇ ಹೇಳು ಅಂದರು. ಧರ್ಮಗುರುವಿನ ಬಾಯಲ್ಲಿ ಇಂಥ ಉತ್ತರ!

ಅದೇ ರೊಟ್ಟಿ ಮುರಿಯುವಾಗ ಯೆಹೂದಿ ಹೇಳುವುದು ಮಾತ್ರ ‘ಭೂಮಿಯಿಂದ ರೊಟ್ಟಿ ಹೊರಡಿಸುವ ದೇವರಿಗೆ ಸ್ತೋತ್ರ’ ಅಂತ. ಭೂಮಿಯಿಂದ ಬರುವುದು ತೆನೆ, ರೊಟ್ಟಿ ಅಲ್ಲ. ನಡುವೆ ಎಷ್ಟು ಕೈಕೆಲಸ ಇದೆ ಅಂತ ಅವರಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಮಾಡಬಾರದ ಕೆಲಸಗಳು, ರಬ್ಬಿಗಳ ಹಳೆಯ ನಿಯಮಗ್ರಂಥ ಮಿಷ್ನಾ ಪ್ರಕಾರ, 39. ಅದರ ಮೊದಲ 11 ಕೆಲಸಗಳು ರೊಟ್ಟಿಯವೇ: ಬಿತ್ತುವುದು, ಉಳುವುದು, ಕೊಯ್ಯುವುದು, ಕಟ್ಟುವುದು, ಒಕ್ಕುವುದು, ತೂರುವುದು, ಆರಿಸುವುದು, ಬೀಸುವುದು, ಜರಡಿ ಹಿಡಿಯುವುದು, ನಾದುವುದು, ಸುಡುವುದು. ನಿಮ್ಮ ಕಸುಬೂ ಇದೆ ನೋಡಿ. ವಾರವೆಲ್ಲ ಬೀಸು, ಚೆನ್ನಾಗಿ ಬೀಸು, ಶುಕ್ರವಾರ ಹೊತ್ತು ಮುಳುಗುವ ಮೊದಲು ಗಿರಣಿ ನಿಲ್ಲಿಸು. ಶನಿವಾರ ಕತ್ತಲಾಗುವವರೆಗೆ ನೀನು ಬೀಸದೆಯೂ ಲೋಕ ನಡೆಯುತ್ತದೆ. ಸುಮ್ನೆ ಮನಸ್ಸಿನಲ್ಲಿ ನೆನೆಯುವುದಕ್ಕಿಂತ ಇದು ಕಷ್ಟದ ನೆನಪು ಅಂತ ನನಗನ್ನಿಸುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನಲ್ಲ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಕೈಬಲದ ಜಂಬ ಇಳಿಸಿದ ಮೋಶೆ ಮರು ಅಧ್ಯಾಯದಲ್ಲೇ ಭಕ್ತಿಯ ಜಂಬಕ್ಕೂ ಕೈ ಹಾಕುತ್ತಾನೆ. ‘ನಾನು ಒಳ್ಳೆಯವನು, ಅದಕ್ಕೇ ದೇವರು ಈ ನಾಡು ಕೊಟ್ಟ’ ಅಂತಲೂ ಅನ್ನಬೇಡ, ನೀವು ಮೊಂಡು ಜನ ಅನ್ನುತ್ತಾನೆ. ದೇವರ ಹೆಸರು ಹೇಳಿಕೊಂಡು ಬೀಗುವವರನ್ನು ನಾವೂ ನೋಡಿದ್ದೇವೆ. ಹಾಗಾಗಿ ಇದು ನನಗೆ ಮೊದಲಿನ ಎಚ್ಚರಿಕೆಗಿಂತ ದೊಡ್ಡದು. ಆದರೆ ಆ ನಾಡಿನಲ್ಲಿ ಮೊದಲೇ ಇದ್ದವರನ್ನು ಹೊರಹಾಕುವುದಕ್ಕೆ ಅವರ ದುಷ್ಟತನವೇ ಕಾರಣ ಅಂತ ಅದೇ ಅಧ್ಯಾಯ ಹೇಳುತ್ತದೆ. ಅದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಈ ಬಗ್ಗೆ ನಿಮಗೇನನ್ನಿಸುತ್ತದೆ, ಬರೆಯಿರಿ.

— ಸಂ.