ಸ್ಟೀರಿಂಗ್ ಸೆನ್ಸರ್: ಹೊಸದು ಹಾಕಬೇಕಾ, ಧೂಳು ತೆಗೆದರೆ ಸಾಕಾ?

ಪ್ರಶ್ನೆ: ನನ್ನ ಹಳೇ ಕಾರಿನಲ್ಲಿ ಇಎಸ್‌ಪಿ (ಕಾರು ಜಾರದಂತೆ ಹಿಡಿತ ಕೊಡುವ ವ್ಯವಸ್ಥೆ) ದೀಪ ಆಗಾಗ ಹತ್ತಿಕೊಳ್ಳುತ್ತೆ. ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ಹೋಗಿದೆ, ಹೊಸದೇ ಹಾಕಬೇಕು ಅಂತಾರೆ ಗ್ಯಾರೇಜಿನವರು. ಕ್ಲೀನ್ ಮಾಡಿಸಿದರೆ ಆಗಲ್ವಾ ಸಾರ್?
- ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕೆಲವು ಸಲ ಆಗುತ್ತೆ. ಮೊದಲು ಬ್ಯಾಟರಿ, ಕನೆಕ್ಟರ್ ನೋಡಿಸಿ, ಬ್ಯಾಟರಿ ವೀಕಾದರೂ ಈ ದೀಪ ಬರಬಹುದು. ಸೆನ್ಸರ್ ಇರೋದು ಹೆಚ್ಚಾಗಿ ಸ್ಟೀರಿಂಗ್ ಚಕ್ರದ ಹಿಂದೆ. ಬೆಳಕಿನಿಂದ ಕೆಲಸ ಮಾಡುವ ಸೆನ್ಸರ್ ಆದರೆ ಒಳಗೆ ಸಣ್ಣ ಸಣ್ಣ ಸೀಳಿರುವ ಬಿಲ್ಲೆ ಇರುತ್ತೆ, ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಎಣಿಸುವ ಕಣ್ಣು. ಸೀಳಿಗೆ ಧೂಳು ಕೂತರೆ ಎಣಿಕೆ ತಪ್ಪುತ್ತೆ. ಅದಿರು ಲಾರಿ ಓಡಾಡುವ ನಿಮ್ಮ ಕಡೆ ಕೆಂಧೂಳು ಎಲ್ಲಿ ತಾನೇ ನುಗ್ಗಲ್ಲ! ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆ ಬ್ರಷ್ ಸಾಕು. ಪೆಟ್ರೋಲ್ ಬೇಡವೇ ಬೇಡ, ಪ್ಲಾಸ್ಟಿಕ್ ಹಾಳಾಗುತ್ತೆ. ಅಯಸ್ಕಾಂತದ ಸೆನ್ಸರ್ ಆದರೆ ಧೂಳಿನ ಕಾಟ ಕಡಿಮೆ, ತೊಳೆದು ಲಾಭ ಇಲ್ಲ.

ಆದರೆ ನೀವೇ ಬಿಚ್ಚಲು ಹೋಗಬೇಡಿ, ಅಲ್ಲೇ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆದು, ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾಯುವ ಮೆಕ್ಯಾನಿಕ್ಕಿಗೇ ಕೊಡಿ. ಮತ್ತೆ ಜೋಡಿಸಿದ ಮೇಲೆ ಚಕ್ರ ನೇರ ಇಟ್ಟು ಸ್ಕ್ಯಾನರ್‌ನಲ್ಲಿ ಕ್ಯಾಲಿಬ್ರೇಷನ್ (ನೇರ ಅಂದರೆ ಯಾವುದು ಅಂತ ಸೆನ್ಸರ್‌ಗೆ ಗುರುತು ಮಾಡಿಕೊಡೋದು) ಮಾಡಿಸಿ, ಇಲ್ಲದಿದ್ದರೆ ಸೆನ್ಸರ್ ಸರಿಯಿದ್ದರೂ ದೀಪ ಆರದೇ ಇರಬಹುದು.